ಹಳದಿ ತಲೆಯ ಗುಂಡುಸೂಜಿ

"ಇಸ್ತ್ರಿ ಪೆಟ್ಟಿಗೆ ಕಾಯ್ಸಿ," ಎಂದರು ಜಿಗಣೆ ಸಾಹೇಬರು.

ಹೊಲಿಗೆ ಕೋಣೆಯಲ್ಲಿದ್ದ ಮೂವರೂ ಅವರ ಮುಖ ನೋಡಿದರು. ಬೆಳಿಗ್ಗೆ ಆರೂವರೆಗೆ ಹಾಕಿದ ಬಾಗಿಲು ಇನ್ನೂ ತೆರೆದಿರಲಿಲ್ಲ, ಈಗ ಮಧ್ಯಾಹ್ನ ಎರಡೂವರೆ. ಅಷ್ಟು ಹೊತ್ತೂ ಕೇಳಿದ್ದನ್ನೇ ಕೇಳಿ ತಲೆ ಚಿಟ್ಟು ಹಿಡಿಸಿದ ಮನುಷ್ಯನಿಗೆ ಇದ್ದಕ್ಕಿದ್ದಂತೆ ಇಸ್ತ್ರಿಯ ಹುಚ್ಚು ಯಾಕೆ ಹಿಡಿಯಿತೋ ಯಾರಿಗೂ ತಿಳಿಯಲಿಲ್ಲ.

"ನಿಮ್ಮ ಅಂಗಿ ಮುದುಡಿದೆ, ನಿಜ ಸಾರ್," ಎಂದಳು ಚಿನಕುರಳಿ. "ಆದ್ರೆ ಅದಕ್ಕಿದು ಹೊತ್ತಾ?"

ಬಾಯಿ ಮಾತಿನಿಂದಲೇ ಆ ಹೆಸರು ಸಂಪಾದಿಸಿದ ಹುಡುಗಿ ಅವಳು. ಅಳುವಾಗಲೂ ಮಾತು ನಿಲ್ಲಿಸುವವಳಲ್ಲ, ಬೆಳಿಗ್ಗೆಯಿಂದ ಎರಡು ಸಲ ಅತ್ತೂ ಆಗಿತ್ತು. ಅಳದೆ ಏನು ಮಾಡುತ್ತಾಳೆ? ಐನೂರು ಕಿಲೋಮೀಟರ್ ಮೇಲೆ, ಕೆಟ್ಟುಹೋದ ಟೆಲಿಸ್ಕೋಪ್ ರಿಪೇರಿಗೆ ಹೋದ ಕ್ಯಾಪ್ಟನ್ನರ ಬಲ ಕೈಗವಸಿನೊಳಗಿಂದ ನಿನ್ನೆ ಸಿಕ್ಕಿದ್ದು ಹಳದಿ ತಲೆಯ ಗುಂಡುಸೂಜಿ. ಈ ಕೋಣೆಯಲ್ಲಿ ಹಳದಿ ಅವಳ ಬಣ್ಣ.

ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಹಾಕಿದವರು ದೊಡ್ಡಕ್ಕ. ಮೂವತ್ತು ವರ್ಷಗಳಿಂದ ಇದೇ ಮೇಜಿನ ಮುಂದೆ ಕೂತು ಬಾಹ್ಯಾಕಾಶಕ್ಕೆ ಹೋಗುವವರ ಕೈಗವಸು ಹೊಲಿಯುವ ಹಿರಿಯಾಕೆ. ಹನ್ನೊಂದು ಪದರ ಬಟ್ಟೆ, ಒಂದು ಹೊಲಿಗೆ ಕೂದಲೆಳೆಯಷ್ಟು ಸರಿದರೂ ಬಿಚ್ಚಿ ಮತ್ತೆ ಹೊಲಿಯುವ ಛಲ. ಅವರ ಸೂಜಿಗಳ ತಲೆ ಕೆಂಪು.

ಮೂರನೆಯವರು ಸೀಲಪ್ಪ. ಕೈಗವಸುಗಳನ್ನು ಪೆಟ್ಟಿಗೆಗೆ ತುಂಬಿ ಸೀಲು ಹಾಕುವುದು ಅವರ ಕೆಲಸ. ಮೂಲೆಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು. ಏನು ಕೇಳಿದರೂ ಅವರದು ಒಂದೇ ರಾಗ, "ನನ್ನ ಸೀಲು ಒಡೆದಿಲ್ಲ."

"ನಿಮ್ಮ ಸೀಲು ಒಡೆದಿಲ್ಲ ಅಂತ ನಂಗೂ ಗೊತ್ತು," ಎಂದರು ಸಾಹೇಬರು. "ಸೀಲು ಹಾಕೋಕೆ ಮುಂಚೆ ಯಾರ್ಯಾರು ಮುಟ್ಟಿದ್ರು?"

"ಇನ್ನೆಷ್ಟು ಸಲ ಹೇಳ್ಲಿ? ಹೊಲಿದೋರು ಮುಟ್ಟಿದ್ರು, ನಾನು ಮುಟ್ದೆ. ಮೇಲೆ ಹೋಗೋ ಇಬ್ರೂ ಬಂದು ಹಾಕಿ ನೋಡಿ ಸಹಿ ಮಾಡಿದ್ರು. ನಿಮ್ಮ ಸೊಸೆ ಮೊದ್ಲು ಬಂದ್ರು, ಕ್ಯಾಪ್ಟನ್ ಅರ್ಧ ಗಂಟೆ ತಡ. ಆಮೇಲೆ ಸೀಲು."

ಹೌದು, ಸೊಸೆ. ಮೇಲಿರುವ ಇನ್ನೊಬ್ಬಳು ಸಾಹೇಬರ ಸೊಸೆ. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದು, ಹಿಡಿದದ್ದನ್ನು ಬಿಡದ ಗುಣಕ್ಕೆ ಜಿಗಣೆ ಎನ್ನಿಸಿಕೊಂಡು, ನಿವೃತ್ತಿಯ ನಂತರ ಈ ಸಂಸ್ಥೆಯ ಕಾವಲಿನ ಮುಖ್ಯಸ್ಥರಾದವರಿಗೆ ಇಂಥ ತನಿಖೆ ಒದಗಬಾರದಿತ್ತು. ಬೇರೆಯವರನ್ನು ಕರೆಸಲು ಹೊತ್ತಿರಲಿಲ್ಲ.

ಅವರು ಕಿಟಕಿಯ ಬಳಿ ಹೋದರು. ತೆರೆಯಲು ಬಾರದ ಕಿಟಕಿ ಅದು, ಧೂಳು ಬಾರದಿರಲೆಂದು ಗಾಜನ್ನು ಅಂಟಿಸಿಬಿಟ್ಟಿದ್ದರು. ಮೂರು ಮಹಡಿ ಕೆಳಗೆ, ಬೀದಿಯ ಆಚೆ ಬದಿಯಲ್ಲಿ, ಮಗ ಕಂಬಕ್ಕೆ ಒರಗಿ ನಿಂತಿದ್ದ. ಬೆಳಿಗ್ಗೆಯಿಂದ ಹಾಗೇ ನಿಂತಿದ್ದ. ಹೆಂಡತಿ ಆಕಾಶದಲ್ಲಿ ಸಿಕ್ಕಿಕೊಂಡಿದ್ದಾಳೆ, ಅಪ್ಪ ಮೂರನೆಯ ಮಹಡಿಯಲ್ಲಿ ಸಿಕ್ಕಿಕೊಂಡಿದ್ದಾನೆ, ಇವನಿಗೆ ಇಡೀ ಬೀದಿ ಖಾಲಿಯಿದ್ದರೂ ಹೋಗಲು ಜಾಗವಿಲ್ಲ. 

ಮೇಲಿನ ಸ್ಥಿತಿ ಇಷ್ಟು. ನೌಕೆ ಮೂರು ಕೊಂಡಿಗಳಿಂದ ಟೆಲಿಸ್ಕೋಪನ್ನು ಹಿಡಿದುಕೊಂಡಿತ್ತು. ಕ್ಯಾಪ್ಟನ್ ಹೊರಗೆ ಹೋಗಿ, ಅದು ದಿಕ್ಕು ತಪ್ಪದಂತೆ ಕಾಯುವ ಚಕ್ರಗಳಲ್ಲಿ ಕೆಟ್ಟವನ್ನು ಕಿತ್ತು ಹೊಸದು ಕೂರಿಸುತ್ತಿದ್ದಾಗ ಅಂಗೈಗೆ ಏನೋ ಚುಚ್ಚಿತು, ಕೈಗವಸಿನಿಂದ ಗಾಳಿ ಸೋರತೊಡಗಿತು. ಜೀವ ಉಳಿಸಿಕೊಂಡು ಒಳಗೆ ಬರುವ ಗಡಿಬಿಡಿಯಲ್ಲಿ ಅವರ ಕಾಲು ತಾಗಿ ಮೂರನೆಯ ಕೊಂಡಿ ಬಿಗಿದುಹೋಯಿತು. ಈಗ ಅದನ್ನು ಹೊರಗಿನಿಂದ ಕೈಯಲ್ಲೇ ಬಿಡಿಸಬೇಕು. ಬಿಡಿಸದಿದ್ದರೆ ನೌಕೆ ಕದಲುವಂತಿಲ್ಲ, ಇಬ್ಬರ ಉಸಿರಿಗೆ ಗಾಳಿ ಇರುವುದು ರಾತ್ರಿ ಎಂಟರವರೆಗೆ. ಕೆಲಸಕ್ಕೆ ನಾಲ್ಕು ಗಂಟೆಯಾದರೂ ಬೇಕು. ಅಂದರೆ ನಾಲ್ಕರೊಳಗೆ ಒಬ್ಬರು ಹೊರಗಿಳಿಯಬೇಕು.

ಕ್ಯಾಪ್ಟನ್ನರ ಕೈ ಊದಿಕೊಂಡಿತ್ತು. ಉಳಿದವಳು ಸೊಸೆ. ಅವಳ ಕೈಗವಸನ್ನು ಹೊಲಿದದ್ದೂ ಇದೇ ಕೋಣೆಯಲ್ಲಿ, ಅದೇ ವಾರ, ಅದೇ ಮೇಜಿನ ಮೇಲೆ.

ಅದರೊಳಗೂ ಸೂಜಿ ಇದೆಯೇ? ಸಾಹೇಬರು ನಾಲ್ಕರೊಳಗೆ ಉತ್ತರ ಹುಡುಕಬೇಕಾದ ಪ್ರಶ್ನೆ ಅದೊಂದೇ.

"ಕಾದಿದೆ," ಎಂದರು ದೊಡ್ಡಕ್ಕ.

ಸಾಹೇಬರು ಹಳದಿ ಸೂಜಿಗಳ ಡಬ್ಬಿ ತಂದು ಮೇಜಿನ ಮೇಲೆ ಇಟ್ಟರು. "ಇಲ್ಲಿಯ ಪದ್ಧತಿ ಇನ್ನೊಂದ್ಸಲ ಹೇಳಮ್ಮ."

"ಬೆಳಿಗ್ಗೆ ಮೂವತ್ತು ಎಣಿಸಿ ತಗೋಬೇಕು, ಸಂಜೆ ಮೂವತ್ತು ಎಣಿಸಿ ಕೊಡಬೇಕು, ಸಹಿ ಹಾಕ್ಬೇಕು," ಎಂದು ಚಿನಕುರಳಿ ಪಾಠ ಒಪ್ಪಿಸಿದಳು. "ಒಂದು ಕಡಿಮೆ ಬಂದ್ರೂ ಬಾಗಿಲು ತೆಗೆಯಲ್ಲ. ಸಿಗೋವರೆಗೂ ಎಲ್ರೂ ಒಳಗೇ."

"ಲೋಹ ಪತ್ತೆ ಮಾಡೋ ಯಂತ್ರ ಇಲ್ವಾ?"

"ಇದೆ ಸಾರ್, ದಂಡಕ್ಕೆ. ಕೈಗವಸಿನ ಮಣಿಕಟ್ಟಲ್ಲೇ ಲೋಹದ ಬಳೆ ಇರತ್ತೆ, ಬೆರಳಿಗೆ ಬಿಸಿ ಕೊಡೋ ತಂತಿ ಇರತ್ತೆ. ಯಾವ ಕೈಗವಸು ಇಟ್ರೂ ಅದು ಕಿರುಚ್ಕೊಳ್ಳತ್ತೆ. ಅದಕ್ಕೇ ಎಣಿಸೋದು."

"ಪುಸ್ತಕ ನೋಡಿದೀನಿ. ಒಂದು ದಿನಾನೂ ಕಡಿಮೆ ಇಲ್ಲ. ಈಗ್ಲೂ ಡಬ್ಬೀಲಿ ಮೂವತ್ತಿದೆ. ಮೇಲೆ ಒಂದು ಸಿಕ್ಕಿದೆ. ಮೂವತ್ತು ಕೊಟ್ಟ ಕಡೆ ಮೂವತ್ತೊಂದಾಗೋದು ಹೇಗೆ? ಸೂಜಿ ಮರಿ ಹಾಕತ್ತಾ?"

ಸಾಹೇಬರು ಒಂದು ತುಂಡು ಬಟ್ಟೆಯ ಮೇಲೆ ಮೂವತ್ತು ಸೂಜಿಗಳನ್ನೂ ಸಾಲಾಗಿ ಚುಚ್ಚಿದರು. ದಪ್ಪ ಬೆರಳು, ನಿಧಾನವಾಯಿತು. ದೊಡ್ಡಕ್ಕನ ಕೈ ತನಗೇ ಗೊತ್ತಿಲ್ಲದಂತೆ ಎದೆಯ ಮೇಲಿನ ಗುರುತಿನ ಚೀಟಿಯತ್ತ ಹೋಗಿ ಅದನ್ನು ಮುಚ್ಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ. ಸಾಹೇಬರು ಕಂಡೂ ಕಾಣದಂತೆ ಇದ್ದರು.

"ನನ್ನ ಹೆಂಡ್ತಿ ಪರದೆ ಹೊಲೀತಾಳೆ," ಎಂದರು. "ಒಳ್ಳೆ ಗುಂಡುಸೂಜಿ ತಲೆ ಗಾಜಿಂದಂತೆ. ಇಸ್ತ್ರಿ ಇಟ್ರೂ ಜಗ್ಗಲ್ವಂತೆ. ನಾನು ಒಂದ್ಸಲ ಅಂಗಡೀಲಿ ಅಗ್ಗದ್ದು ತಂದು ಬೈಸ್ಕೊಂಡಿದ್ದೆ."

ಇಸ್ತ್ರಿ ಪೆಟ್ಟಿಗೆಯನ್ನು ಸಾಲಿನ ಮೇಲಿಟ್ಟು, ಹತ್ತು ಎಣಿಸಿ, ಎತ್ತಿದರು.

ಇಪ್ಪತ್ತೊಂಬತ್ತು ತಲೆಗಳು ಹಾಗೇ ಹೊಳೆಯುತ್ತಿದ್ದವು. ಹದಿನಾಲ್ಕನೆಯದು ಕರಗಿ ಚಪ್ಪಟೆಯಾಗಿ, ಪೆಟ್ಟಿಗೆಯ ತಳಕ್ಕೆ ಎಳೆಯೆಳೆಯಾಗಿ ಅಂಟಿಕೊಂಡಿತ್ತು. ಹೊರಗೆ ಹಳದಿ, ಒಳಗೆ ಬಿಳಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕೋಣೆಯಲ್ಲೆಲ್ಲ ಹರಡಿತು.

"ಅಯ್ಯೋ," ಎಂದಳು ಚಿನಕುರಳಿ. ಅವಳ ಬಾಯಿಂದ ಒಂದೇ ಪದ ಬಂದದ್ದು ಅದೇ ಮೊದಲು.

ಸಾಹೇಬರು ಕುರ್ಚಿ ಎಳೆದುಕೊಂಡು ದೊಡ್ಡಕ್ಕನ ಎದುರು ಕೂತರು.

"ಚೀಟಿ ಮೇಲಿಂದ ಕೈ ತೆಗೀರಿ ಅಕ್ಕ."

ಆಕೆ ಕೈ ತೆಗೆದರು. ಗುರುತಿನ ಚೀಟಿಯನ್ನು ಈಗ ದಾರದಿಂದ ಹೊಲಿದುಕೊಂಡಿದ್ದರು. ಮೂಲೆಯಲ್ಲಿ ಮೊದಲು ಸೂಜಿ ಚುಚ್ಚಿದ್ದ ಎರಡು ಸಣ್ಣ ತೂತುಗಳು ಹಾಗೇ ಉಳಿದಿದ್ದವು.

"ಚೀಟಿಗೆ ಅಂತ ಗೇಟಲ್ಲಿ ಎಲ್ರಿಗೂ ಕೊಡೋ ಬಿಳಿ ತಲೆಯ ಸೂಜಿ ಇಲ್ಲಿತ್ತು," ಎಂದರು ಸಾಹೇಬರು. "ಬಣ್ಣ ಬಳಿದು ಡಬ್ಬಿಗೆ ಹಾಕಿದ್ರಿ. ಯಾವತ್ತು?"

ದೊಡ್ಡಕ್ಕನ ಮಾತಿನಲ್ಲಿ ಅಳುಕಿರಲಿಲ್ಲ, ಸಿಟ್ಟಿತ್ತು.

"ನಿಮಗೇ ನೆನಪಿರಬೇಕಲ್ಲ ಸಾಹೇಬ್ರೆ, ಯಾವತ್ತು ಅಂತ. ಒಂಬತ್ತು ವಾರದ ಹಿಂದೆ, ಗುರುವಾರ. ಹಳದಿ ಒಂದು ಕಡಿಮೆ ಬಂತು. ಎರಡು ಗಂಟೆ ಹುಡುಕಿದ್ವಿ. ನೆಲ ಗುಡಿಸಿದ್ವಿ, ಮೇಜು ಮಗುಚಿದ್ವಿ, ಚಪ್ಪಲಿ ಅಡಿ ನೋಡಿದ್ವಿ. ಅಷ್ಟೊತ್ತಿಗೆ ಇವಳ ಮಗೂನ ನೋಡ್ಕೊಳ್ಳೋರಿಂದ ಫೋನು. ಮಗೂಗೆ ಜ್ವರ ನೆತ್ತಿಗೇರಿ ಕೈಕಾಲು ಸೆಟೆದುಕೊಳ್ತಿದೆ ಅಂತ. ಈ ಹುಡುಗಿ ಬಾಗಿಲು ಬಡಿದ್ಲು. ಆಚೆ ಯಾರಿದ್ರು?"

ಸಾಹೇಬರ ಮುಖದ ಬಣ್ಣ ಬದಲಾಯಿತು.

"ನೀವೇ ಇದ್ರಿ. 'ಲೆಕ್ಕ ಕೂಡಲಿ, ತೆಗೀತೀನಿ' ಅಂದ್ರಿ. ಅವಳು ಕಾಲಿಗೆ ಬೀಳ್ತೀನಿ ಅಂದ್ಲು. 'ನಿಯಮ ನಿಯಮವೇ ಅಮ್ಮ' ಅಂದ್ರಿ. ಅದಕ್ಕೇ ನಾನು ಲೆಕ್ಕ ಕೂಡಿಸ್ದೆ."

"ಅಕ್ಕಾ, ಸಿಕ್ತು ಅಂದ್ರಲ್ಲ!" ಚಿನಕುರಳಿ ಎದ್ದು ನಿಂತಿದ್ದಳು. "ಮೇಜಿನ ಸಂದೀಲಿ ಸಿಕ್ತು, ನೀನು ಓಡು ಅಂದ್ರಲ್ಲ!"

"ಓಡಿದ್ಯಲ್ಲ, ಮಗು ಉಳೀತಲ್ಲ. ಸುಮ್ನೆ ಕೂತ್ಕೋ."

ಸಾಹೇಬರಿಗೆ ನಾಚಿಕೆಯಾಯಿತು. ಆ ಗುರುವಾರ ಅವರಿಗೆ ಚೆನ್ನಾಗಿ ನೆನಪಿತ್ತು. ಒಳಗಿನಿಂದ ಬಡಿಯುತ್ತಿದ್ದ ಸದ್ದು ಅಂಗೈಗೆ ತಾಗುತ್ತಿದ್ದರೂ ಕೀಲಿ ಜೇಬಿನಲ್ಲೇ ಇಟ್ಟುಕೊಂಡು ನಿಂತಿದ್ದರು, ಸರಿಯಾದ್ದನ್ನೇ ಮಾಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಇವತ್ತು ಅದೇ ಬಾಗಿಲ ಒಳಗೆ ತಾವೇ ಕೂತಿದ್ದರು.

"ಆಮೇಲೆ ಹುಡುಕ್ಲಿಲ್ವಾ?"

"ಎರಡು ವಾರ ದಿನಾ ಬೇಗ ಬಂದು ಹುಡುಕ್ದೆ. ಎರಡು ಜೊತೆ ಕೈಗವಸನ್ನೂ ಬೆರಳು ಬೆರಳು ಒತ್ತಿ ನೋಡ್ದೆ. ಹನ್ನೊಂದು ಪದರದ ಮಧ್ಯೆ ಅಡ್ಡ ಮಲಗಿದ್ರೆ ಕೈಗೆ ಸಿಗಲ್ಲ ಸಾಹೇಬ್ರೆ. ಬಿಚ್ಚಿ ನೋಡ್ಬೇಕಿತ್ತು. ಬಿಚ್ಚಬೇಕಾದ್ರೆ ಯಾಕೆ ಅಂತ ಹೇಳ್ಬೇಕಿತ್ತು." ಆಕೆಯ ಧ್ವನಿ ಕುಗ್ಗಿತು. "ಹೇಳಿದ್ರೆ ಇವಳ ಕೆಲ್ಸ ಹೋಗ್ತಿತ್ತು. ಬಾಯಿ ಮುಚ್ಕೊಂಡೆ. ಅದು ನನ್ನ ತಪ್ಪು."

"ಬಣ್ಣ ಎಲ್ಲಿಂದ ಬಂತು?"

"ಉಗುರಿಗೆ ಹಚ್ಚೋದು. ಒಬ್ರು ಕೊಟ್ರು. ಹೆಸರು ಕೇಳ್ಬೇಡಿ. ಕಷ್ಟಕ್ಕೆ ಆದವರನ್ನ ನಾನು ಹಿಡಿದು ಕೊಡಲ್ಲ."

ಸಾಹೇಬರು ಒತ್ತಾಯಿಸಲಿಲ್ಲ. ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು. ಮೇಜಿನ ಮೇಲಿನ ಮಾತಿನ ಪೆಟ್ಟಿಗೆ ಕರಕರ ಎಂದಿತು. ನೌಕೆ ಭೂಮಿಯ ಈ ಮಗ್ಗುಲಿಗೆ ಬಂದಾಗ ಮಾತ್ರ ಸಂಪರ್ಕ ಸಿಗುತ್ತಿತ್ತು, ಅದೂ ಹತ್ತು ನಿಮಿಷ. ಗುಂಡಿ ಒತ್ತಿ ಹಿಡಿದಾಗ ಇಲ್ಲಿಯ ಮಾತು ಮೇಲೆ ಹೋಗುತ್ತದೆ, ಬಿಟ್ಟಾಗ ಅಲ್ಲಿಯದು ಕೆಳಗೆ ಬರುತ್ತದೆ.

"ಮಾವ, ಇದ್ದೀರಾ?" ಸೊಸೆಯ ಧ್ವನಿ. "ಇಲ್ಲಿ ಕ್ಯಾಪ್ಟನ್ ಗೊರಕೆ, ಅಲ್ಲಿ ನಿಮ್ಮ ಮೌನ. ಯಾವುದನ್ನ ಸಹಿಸ್ಕೊಳ್ಲಿ?"

ಅವಳು ಹಾಗೆಯೇ. ಉದ್ದ ಬೆರಳು, ವಾರಕ್ಕೊಂದು ಬಣ್ಣದ ಉಗುರು, ಮನೆಯಲ್ಲಿ ಅತ್ತೆಗೂ ಮಾವನಿಗೂ ಸರಿಸಮ ತಮಾಷೆ. ಈ ಸಲ ಹೊರಡುವ ಮುಂಚೆ ಊಟಕ್ಕೆ ಕೂತಾಗ, "ಎಂಟು ವರ್ಷ ಹೊರಗಿಳಿಯೋದನ್ನ ಕಲ್ತು ಕೊನೆಗೆ ಬಾಗಿಲು ಕಾಯೋಕೆ ಹೋಗ್ತಿದ್ದೀನಿ ಮಾವ, ನಿಮ್ಮ ಹಾಗೇ," ಎಂದಿದ್ದಳು. ಹೊರಗಿಳಿಯುವ ಕೆಲಸ ಕ್ಯಾಪ್ಟನ್ನರಿಗೆ, ಒಳಗೆ ಕೂತು ನೋಡಿಕೊಳ್ಳುವುದು ಇವಳಿಗೆ ಎಂದು ತೀರ್ಮಾನವಾಗಿತ್ತು. ಆ ದಿನ ಎಲ್ಲರೂ ನಕ್ಕಿದ್ದರು. ಅವಳು ಅನ್ನ ಕಲಸುತ್ತ ತಲೆ ತಗ್ಗಿಸಿದ್ದಳು.

ಸಾಹೇಬರು ಗುಂಡಿ ಒತ್ತಿದರು. "ಸಮಾಚಾರ ಒಳ್ಳೇದಿದೆ ಕಣಮ್ಮ. ಒಂಬತ್ತು ವಾರದ ಹಿಂದೆ ಇಲ್ಲಿ ಒಂದು ಸೂಜಿ ಕಳೆದಿತ್ತು. ಒಂದೇ ಒಂದು. ಅದೇ ಕ್ಯಾಪ್ಟನ್ ಕೈಗೆ ಚುಚ್ಚಿದ್ದು. ಕಳೆದಿದ್ದು ಒಂದು, ಸಿಕ್ಕಿದ್ದು ಒಂದು. ಲೆಕ್ಕ ಸರಿಹೋಯ್ತು."

ಚಿನಕುರಳಿ ಕಣ್ಣೊರೆಸಿಕೊಂಡಳು. ಸೀಲಪ್ಪ ಕಟ್ಟಿದ ಕೈ ಬಿಚ್ಚಿದರು. ದೊಡ್ಡಕ್ಕ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಉಸಿರು ಬಿಟ್ಟರು.

"ಹಾಗಾದ್ರೆ ಹಾಕ್ಕೊಳ್ಲಾ ಕೈಗವಸು?"

ಹೂಂ ಎಂದುಬಿಡಬಹುದಿತ್ತು. ಬೇರೆ ಯಾರಾದರೂ ಅಂದೇಬಿಡುತ್ತಿದ್ದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

"ಒಂದೇ ನಿಮಿಷ. ಆ ಸೂಜಿ ತಲೇನ ಬ್ಲೇಡಿಂದ ಕೆರೆದು ನೋಡು. ಗಾಜು ಅಂತ ಗೊತ್ತಾದ್ರೆ ಮುಗೀತು."

ಮೇಲಿನಿಂದ ಉತ್ತರ ತಡವಾಯಿತು. "ಯಾಕೆ ಮಾವ? ಇರೋ ಹೊತ್ತಲ್ಲಿ ಅದೆಲ್ಲ ಯಾಕೆ?"

"ಕೊಡಿಲ್ಲಿ, ನಾನು ನೋಡ್ತೀನಿ," ಎಂಬ ಗಂಡಸಿನ ಧ್ವನಿ ಕೇಳಿತು. ಕ್ಯಾಪ್ಟನ್ ಎಚ್ಚರವಾಗಿದ್ದರು. ಎಡಗೈಯಲ್ಲಿ ಕೆಲಸ, ನಿಧಾನ. ನಾಲ್ವರೂ ಮಾತಿನ ಪೆಟ್ಟಿಗೆಯನ್ನೇ ನೋಡುತ್ತ ಕೂತರು.

"ಸಾರ್," ಎಂದರು ಕ್ಯಾಪ್ಟನ್. "ಗಾಜಲ್ಲ. ಹಳದಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳ್ತಿದೆ. ಒಳಗೆ ಬಿಳಿ ಪ್ಲಾಸ್ಟಿಕ್."

ಸಾಹೇಬರು ಮೇಜಿನ ಮೇಲೆ ಕರಗಿ ಬಿದ್ದಿದ್ದ ಸೂಜಿಯತ್ತ ನೋಡಿದರು.

ಕಳೆದುಹೋದದ್ದು ಗಾಜಿನ ತಲೆಯದು. ಕ್ಯಾಪ್ಟನ್ನರ ಕೈಗೆ ಚುಚ್ಚಿದ್ದು ಬಣ್ಣ ಬಳಿದದ್ದು. ಅಂದರೆ ಕಳೆದ ಸೂಜಿ ಇನ್ನೂ ಸಿಕ್ಕಿಲ್ಲ, ಅದು ಸೊಸೆಯ ಕೈಗವಸಿನಲ್ಲೇ ಇದ್ದರೂ ಇರಬಹುದು. ಇನ್ನೂ ಕೆಟ್ಟದ್ದು ಬೇರೆಯಿತ್ತು. ಬಣ್ಣ ಬಳಿದ ಸೂಜಿ ತಾನಾಗಿ ಬಿದ್ದು ಪದರದೊಳಗೆ ಹೋಗುವುದಿಲ್ಲ. ಹಳದಿ ಒಂದು ಕಳೆದಿದೆ ಎಂದು ಗೊತ್ತಿದ್ದವರು, ಸಿಕ್ಕಿಬಿದ್ದರೂ ಅಪವಾದ ಚಿನಕುರಳಿಯ ತಲೆಗೇ ಬರಲಿ ಎಂದು ಇನ್ನೊಂದಕ್ಕೆ ಬಣ್ಣ ಬಳಿದು, ಬೇಕೆಂದೇ ಇಟ್ಟಿದ್ದರು.

"ಎಷ್ಟು ಸೂಜಿಗೆ ಬಳಿದ್ರಿ ಅಕ್ಕ?"

"ಒಂದಕ್ಕೇ. ನನ್ನ ಮಕ್ಕಳಾಣೆ, ಒಂದಕ್ಕೇ."

"ಬಾಟ್ಲಿ ಎಲ್ಲಿ?"

"ಕೊಟ್ಟೋರೇ ತಗೊಂಡು ಹೋದ್ರು."

"ಅಕ್ಕ, ಮೇಲೆ ಎರಡು ಜೀವ ಇದೆ. ಹೆಸರು ಹೇಳಿ."

ದೊಡ್ಡಕ್ಕ ತಲೆಯಲ್ಲಾಡಿಸಿದರು. ಕಣ್ಣಲ್ಲಿ ನೀರು ತುಂಬಿತ್ತು. "ಬೇಡ ಸಾಹೇಬ್ರೆ."

"ಆ ಸಂಜೆ ಈ ಕೋಣೇಲಿ ಇದ್ದವರ ಪಟ್ಟಿ ನನ್ನ ಹತ್ರ ಇದೆ. ನೀವಿಬ್ರು, ಸೀಲಪ್ಪ. ಇನ್ಯಾರೂ ಇಲ್ಲ."

"ಅದು ಕೆಲಸದೋರ ಪಟ್ಟಿ," ಎಂದರು ಸೀಲಪ್ಪ ಮೂಲೆಯಿಂದ. ಯಾರೂ ಕೇಳದೆ ತಾವಾಗಿಯೇ ಅವರಾಡಿದ ಮೊದಲ ಮಾತು. "ಅಳತೆ ನೋಡೋಕೆ ಬರೋರದ್ದು ಬೇರೆ ಪುಸ್ತಕ."

ಸಾಹೇಬರಿಗೆ ಆಗ ಆ ಗುರುವಾರದ ಉಳಿದರ್ಧ ನೆನಪಾಯಿತು. ಲೆಕ್ಕ ಕೂಡಿತು ಎಂದಾಗ ಕೀಲಿ ತಿರುಗಿಸಿದ್ದರು. ಮೊದಲು ಚಿನಕುರಳಿ ಓಡಿದಳು. ಆಮೇಲೆ ಸೀಲಪ್ಪ, ದೊಡ್ಡಕ್ಕ. ಎಲ್ಲರ ಹಿಂದೆ ಇನ್ನೊಬ್ಬಳು ಬಂದಿದ್ದಳು, ಕೈಗವಸಿನ ಅಳತೆಗೆಂದು ಬಂದು ಎರಡು ಗಂಟೆ ಸಿಕ್ಕಿಹಾಕಿಕೊಂಡಿದ್ದವಳು. "ಹಸಿವಾಗ್ತಿದೆ ಮಾವ, ಮನೆಗೆ ಹೋಗೋಣ," ಎಂದು ಅವರ ತೋಳು ಹಿಡಿದಿದ್ದಳು. ಆ ರಾತ್ರಿ ಊಟದ ಮೇಜಿನಲ್ಲಿ ಹೆಂಡತಿ ನಕ್ಕಿದ್ದಳು, "ಇದೇನೇ, ಕಾಮಾಲೆ ಬಂದೋರ ಹಾಗೆ ಹಳದಿ ಉಗುರು?"

ಕಾರು ಓಡಿಸಿ ಮನೆಗೆ ಕರೆತಂದವರು ತಾವೇ. ಊರೆಲ್ಲ ಹುಡುಕಿದವರಿಗೆ ದೀಪದ ಬುಡ ಕಂಡಿರಲಿಲ್ಲ.

"ಅವಳು ನಕ್ಕೊಂಡು ಕೊಟ್ಲು," ಎಂದರು ದೊಡ್ಡಕ್ಕ ಮೆಲ್ಲಗೆ. "ಪಾಪ, ಮಗು ಅಂತ ಮರುಗಿದ್ಲು. ಒಳ್ಳೆ ಹುಡುಗಿ ಸಾಹೇಬ್ರೆ."

ಸಂಪರ್ಕಕ್ಕೆ ಉಳಿದದ್ದು ನಾಲ್ಕು ನಿಮಿಷ. ಸಾಹೇಬರು ಗುಂಡಿ ಒತ್ತಿ ಹೇಳಿದರು, "ಕೇಳಮ್ಮ. ಲೆಕ್ಕ ಸರಿಹೋಗಿಲ್ಲ. ಒಂದು ಸೂಜಿ ಇನ್ನೂ ಕಳೆದೇ ಇದೆ. ನಿನ್ನ ಕೈಗವಸಲ್ಲಿ ಇರ್ಬಹುದು. ಹಾಕ್ಕೊಂಡು ಹೊರಗೆ ಹೋಗು ಅಂತ ನಾನು ಹೇಳಲಾರೆ."

ಅವಳು ಹೆದರಲಿ ಎಂದು ಅವರು ಬೇಡಿಕೊಳ್ಳುತ್ತಿದ್ದರು. ಅಳಲಿ, ಬೈಯಲಿ, ಏನು ಮಾಡಲಿ ಮಾವ ಎಂದು ಕೇಳಲಿ. ಏನೂ ಗೊತ್ತಿಲ್ಲದವರು ಹೆದರುತ್ತಾರೆ.

"ಅಯ್ಯೋ, ಅಷ್ಟೇನಾ?" ಸೊಸೆ ನಕ್ಕಳು. ಬಟ್ಟೆ ಉಜ್ಜುವ ಸದ್ದು, ಮಣಿಕಟ್ಟಿನ ಬಳೆ ಟಕ್ಕೆಂದು ಕೂತ ಸದ್ದು. "ನನ್ನ ಕೈಗವಸಲ್ಲಿ ಏನೂ ಇಲ್ಲ ಮಾವ. ನಂಗೊತ್ತು."

ಸಾಹೇಬರು ಮೇಜಿನಿಂದೆದ್ದು ಕಿಟಕಿಯ ಬಳಿ ಹೋದರು. ಕಿಟಕಿಯ ಕೆಳಗೆ, ಬೀದಿಯಲ್ಲಿ, ಮಗ ತಲೆಯೆತ್ತಿ ಮೂರನೆಯ ಮಹಡಿಯನ್ನೇ ನೋಡುತ್ತಿದ್ದ. ಅಪ್ಪನ ಮುಖ ಕಂಡು ಕೈಸನ್ನೆಯಲ್ಲಿ ಕೇಳಿದ, ಏನಾಯ್ತು?

ಮೂವತ್ತೊಂದು ವರ್ಷದಲ್ಲಿ ಸಾಹೇಬರು ಆ ಪ್ರಶ್ನೆಯನ್ನು ಸಾವಿರಾರು ಜನರಿಗೆ ಕೇಳಿದ್ದರು. ಉತ್ತರ ಬೇಡ ಎನ್ನಿಸಿದ್ದು ಇದೇ ಮೊದಲು. ಆದರೂ ಮೇಜಿಗೆ ಮರಳಿ ಗುಂಡಿ ಒತ್ತಿದರು.

"ನಿಂಗೆ ಹೇಗೆ ಗೊತ್ತಮ್ಮ?"

"ಇರಮ್ಮ, ನಿಲ್ಲು!" ಎಂದು ಕ್ಯಾಪ್ಟನ್ ಕೂಗಿದ್ದು ಕೇಳಿತು. ಆಮೇಲೆ, ಹೊರಗಿಳಿಯಲು ಎಂಟು ವರ್ಷ ಕಾದವಳ ಹಿಂದೆ ನೌಕೆಯ ಒಳಬಾಗಿಲು ಮುಚ್ಚಿತು. ಆಚೆ ಕಡೆಯಿಂದ ಚಿಲಕ ಬಿತ್ತು.